ತುಂಬದ ಕಲ್ಲುಗುಳಿ

ಮಕ್ಕಳೇ, ಕಾಡಿನ ಅಂಚಿಗೆ ಜೊಂಡುಕೆರೆ ಅಂತ ಒಂದು ಕೆರೆ. ದಡದ ತುಂಬಾ ಆಳೆತ್ತರದ ಜೊಂಡುಹುಲ್ಲು. ಅದರ ಮರೆಯಲ್ಲಿ ನೀರುಕೋಳಿ ಕೆಂಚಿ ಗೂಡು ಕಟ್ಟಿಕೊಂಡಿದ್ದಳು. ಕೆಂಪು ಕೊಕ್ಕು, ಹಸಿರು ಕಾಲು, ಮಾತು ಕಮ್ಮಿ. ಆದರೆ ಎಂಥ ಗಟ್ಟಿಗಿತ್ತಿ ಅಂತೀರಿ!

ಆ ಕೆರೆಯಲ್ಲೊಂದು ಪದ್ಧತಿ ಇತ್ತು. ಎಲ್ಲರಿಗೂ ಸೇರಿದ ಮಾತು ಬಂದರೆ, ಒಪ್ಪಿದವರು ತಲೆಗೊಂದು ಕಲ್ಲು ತಂದು ಬಂಡೆಯ ಗುಳಿಗೆ ಹಾಕಬೇಕು. ಗುಳಿ ತುಂಬಿದರೆ ಮಾತು ಗೆದ್ದಿತು, ತುಂಬದಿದ್ದರೆ ಬಿತ್ತು. ಅದಕ್ಕೆ ಕಾವಲು ಮುದಿ ಆಮೆ ಸಿದ್ಧಜ್ಜ. ಯಾವ ಕಾಲದ ಹಿರಿಯರು ಮಾಡಿದ್ದೋ, ಯಾಕೆ ಹೀಗೆ ಅಂತ ಯಾರೂ ಕೇಳಿರಲಿಲ್ಲ.

ಕೊಕ್ಕರೆ ನೀಳಣ್ಣನಿಗೆ ಜೊಂಡು ಕಂಡರಾಗದು. ಮೀನುಗಳೆಲ್ಲ ಅದರೊಳಗೇ ಅಡಗುತ್ತಿದ್ದವು. ಅವನು ಚಳಿಗಾಲಕ್ಕಾಗಿ ಕಾದ. ಆಗ ದೂರದ ನಾಡಿನಿಂದ ಬಾತುಗಳು ಹಿಂಡುಗಟ್ಟಿ ಬಂದಿಳಿಯುತ್ತವೆ.

"ಬಾತಣ್ಣಂದಿರೇ, ಈ ಹಾಳು ಜೊಂಡು ಕಿತ್ತರೆ ಈಜಲು ಎಷ್ಟು ಜಾಗ! ಚಿಗುರಿದಾಗೆಲ್ಲ ಕೀಳಬೇಕು ಅಂತ ಒಂದೊಂದು ಕಲ್ಲು ಹಾಕಿಬಿಡಿ."

"ಅದಕ್ಕೇನಂತೆ!" ಅಂದವು ಬಾತುಗಳು. ಪಾಪ, ಬಂದು ಹೋಗುವವರಿಗೆ ಏನು ಗೊತ್ತು? ಟಣ್ ಟಣ್ ಅಂತ ಕಲ್ಲು ಬಿದ್ದವು, ಗುಳಿ ತುಂಬಿತು.

"ನಮಗೆ ಬೇಡ! ಬೇಡ ಅನ್ನುವವರೇ ಹೆಚ್ಚು ಇದ್ದೇವೆ!" ಅಂತ ಕೆಂಚಿ, ಕಪ್ಪೆಗಳು, ಮಿಂಚುಳ್ಳಿಗಳು ಎಲ್ಲ ಕೂಗಿಕೊಂಡರು. ಏನು ಮಾಡುವುದು, ಬೇಡ ಅನ್ನುವವರ ಕಲ್ಲಿಗೆ ಗುಳಿಯೇ ಇರಲಿಲ್ಲವಲ್ಲ!

"ಗುಳಿ ತುಂಬಿದೆ. ಮುಗಿಯಿತು," ಅಂದ ಸಿದ್ಧಜ್ಜ.

ದಡ ಬೋಳಾಯಿತು. ಬೇಸಿಗೆ ಬರುತ್ತಲೇ ಬಾತುಗಳು ಹಾರಿಹೋದವು. ಕೆರೆಯವರಲ್ಲೂ ಅರ್ಧಕ್ಕರ್ಧ ಮಂದಿ ನೆರಳಿಲ್ಲದೆ ಹೊಳೆಯ ಕಡೆ ಗುಳೆ ಹೋದರು. ಕೆಂಚಿಗೆ ಮೊಟ್ಟೆಯಿಡುವ ಕಾಲ. ಮರೆಯಿಲ್ಲದ ಮೊಟ್ಟೆ ಹದ್ದಿನ ಪಾಲಲ್ಲವೇ? ಆದರೂ ಚಿಗುರು ಕೀಳುವ ಸರದಿ ತನಗೆ ಬಂದ ದಿನ ಅವಳು ತನ್ನ ಗೂಡಿನ ಪಕ್ಕದ ಚಿಗುರನ್ನು ತಾನೇ ಕಿತ್ತಳು. ಕೀಳುತ್ತಾ ಅತ್ತಳು.

ಇತ್ತ ಬೋಳು ದಡದ ನೀರು ಬಿಸಿಲಿಗೆ ಕಾದು, ಮೀನುಗಳು ನಡುಮಡುವಿಗೆ ಇಳಿದವು. ಅಲ್ಲಿಗೆ ಕೊಕ್ಕರೆಯ ಕಾಲು ನಿಲುಕೀತೇ? ನೀಳಣ್ಣ ಹಸಿದು ಕಡ್ಡಿಯಾದ. ಮಾಡಿದ್ದುಣ್ಣೋ ಮಹರಾಯ!

"ಜೊಂಡು ಬೆಳೆಯಲು ಬಿಡೋಣ," ಅಂತ ಕೆಂಚಿ ಸಭೆ ಕರೆದಳು. ಇದ್ದವರೆಲ್ಲ ಕಲ್ಲು ಹಾಕಿದರು. ನೀಳಣ್ಣನೂ ತಲೆ ತಗ್ಗಿಸಿಕೊಂಡು ಒಂದು ಹಾಕಿದ. ಆದರೆ ಗುಳಿ ತುಂಬಲೇ ಇಲ್ಲ!

"ತುಂಬಿಲ್ಲ. ಬಿತ್ತು," ಅಂದ ಸಿದ್ಧಜ್ಜ.

ಕಪ್ಪೆ ಗೊಟರಪ್ಪ ಕೆಂಚಿಯ ಕಿವಿಯಲ್ಲಿ ಪಿಸುಗುಟ್ಟಿದ. "ಅಜ್ಜ ಕಣ್ಣು ಮುಚ್ಚಿದಾಗ ಇನ್ನೂ ಒಂದೊಂದು ಹಾಕೋಣ. ಯಾರು ನೋಡ್ತಾರೆ?"

ಕೆಂಚಿಯ ಹೊಟ್ಟೆಯಲ್ಲಿ ಮೊಟ್ಟೆ ಭಾರವಾಗಿತ್ತು. ಒಂದು ಗಳಿಗೆ ಆಸೆಯೂ ಆಯಿತು. ಆದರೆ ತಲೆ ಕೊಡವಿಬಿಟ್ಟಳು. "ಬೇಡ ಕಣೋ. ಇವತ್ತು ನಾವು ಎರಡು ಹಾಕಿದರೆ ನಾಳೆ ಇನ್ನೊಬ್ಬರು ನಾಲ್ಕು ಹಾಕ್ತಾರೆ."

ಆಮೇಲೆ ಆಮೆಯತ್ತ ತಿರುಗಿದಳು. "ಅಜ್ಜಾ, ಕಲ್ಲು ಹಾಕದವರು ಯಾರಾದರೂ ಉಳಿದಿದ್ದಾರಾ?"

"ಯಾರೂ ಇಲ್ಲ ಮಗಳೇ. ನಾನೂ ಹಾಕಿದ್ದೇನೆ."

"ಹಾಗಾದರೆ ಎಲ್ಲರೂ ಒಪ್ಪಿದ್ದೇವೆ, ಗುಳಿಯೊಂದು ಒಪ್ಪುತ್ತಿಲ್ಲ. ಕೆರೆ ನಮ್ಮದೋ, ಗುಳಿಯದೋ? ನಾವು ಹುಟ್ಟುತ್ತೇವೆ, ಸಾಯುತ್ತೇವೆ, ಬರುತ್ತೇವೆ, ಹೋಗುತ್ತೇವೆ. ಕಲ್ಲಿನ ಗುಳಿ ನಮ್ಮ ಜೊತೆ ಹಿಗ್ಗುತ್ತದೆಯೇ, ಕುಗ್ಗುತ್ತದೆಯೇ?"

ಸಿದ್ಧಜ್ಜ ಚಿಪ್ಪಿನೊಳಗೆ ತಲೆ ಎಳೆದುಕೊಂಡ. ಆಮೇಲೆ ಕತ್ತು ಹೊರಗೆ ಚಾಚಿ ಕೇಳಿದ. "ಮತ್ತೆ ಏನು ಮಾಡೋಣ ಅಂತೀಯ?"

"ಎರಡು ರಾಶಿ ಹಾಕೋಣ. ಬೇಕು ಅನ್ನುವವರದೊಂದು, ಬೇಡ ಅನ್ನುವವರದೊಂದು. ಆ ದಿನ ಕೆರೆಯಲ್ಲಿರುವ ಎಲ್ಲರಿಗೂ ತಲೆಗೊಂದೇ ಕಲ್ಲು. ಎಣಿಕೆಯಲ್ಲಿ ಯಾವುದು ಹೆಚ್ಚೋ ಅದು ಗೆದ್ದಿತು. ಮಂದಿ ಬದಲಾದರೆ ಮತ್ತೆ ಕೇಳೋಣ."

"ಬಾತುಗಳಿಗೂ ಕಲ್ಲೇ?" ಗೊಟರಪ್ಪ ಗಂಟಲುಬ್ಬಿಸಿದ. "ಅವುಗಳಿಂದಲೇ ಅಲ್ವಾ ಈ ಗತಿ ಬಂದದ್ದು?"

"ಇರುವಷ್ಟು ದಿನ ಅವೂ ಇದೇ ನೀರು ಕುಡಿಯುತ್ತವೆ, ಗೊಟರಪ್ಪ."

"ಭಲೇ ಹುಡುಗಿ!" ಅಂದ ಸಿದ್ಧಜ್ಜ. "ಇದು ಬೇಡ ಅನ್ನುವವರು ಯಾರಾದರೂ ಇದ್ದೀರಾ?" ಒಬ್ಬರೂ ಬಾಯಿ ತೆರೆಯಲಿಲ್ಲ. ಅಂದಿನಿಂದ ಗುಳಿಯಲ್ಲಿ ಮಳೆನೀರು ಮಾತ್ರ ನಿಂತಿತು.

ಜೊಂಡು ಬೆಳೆಯಿತು. ಗುಳೆ ಹೋದವರು ಮರಳಿದರು. ಕೆಂಚಿಯ ಮರಿಗಳು ಹಸಿರು ಮರೆಯಲ್ಲಿ ಕಿಚಿಪಿಚಿ ಅಂದವು.

ಮತ್ತೆ ಚಳಿಗಾಲ, ಮತ್ತೆ ಬಾತುಗಳು. ಈ ಸಲ ಅವು ಮಲಗಲು ಮೂಡಣ ದಂಡೆ ಕೇಳಿದವು. ಅದು ಕೆಂಚಿ ಮರಿಗಳೊಂದಿಗೆ ಎಳೆಬಿಸಿಲು ಕಾಯುತ್ತಿದ್ದ ಜಾಗ. ಅವಳು ಬೇಡದ ರಾಶಿಗೆ ಕಲ್ಲಿಟ್ಟಳು. ಕೆರೆಯವರಲ್ಲೇ ಅನೇಕರು ಬಾತುಗಳಿಗೆ ಒಪ್ಪಿದ್ದರಿಂದ ಬೇಕು ಅನ್ನುವವರ ರಾಶಿ ಗೆದ್ದಿತು.

"ನಿನ್ನ ನಿಯಮವೇ ನಿನ್ನನ್ನು ಸೋಲಿಸಿತಲ್ಲೇ! ಬೇಜಾರಾಯ್ತಾ?" ಅಂತ ನೀಳಣ್ಣ ಕೇಳಿದ.

"ಆಗದೆ ಇರುತ್ತದೆಯೇ? ಆದರೆ ನನ್ನ ಕಲ್ಲನ್ನೂ ಎಣಿಸಿದರು, ನೀಳಣ್ಣ," ಅಂದಳು ಕೆಂಚಿ. ಮರಿಗಳನ್ನು ಕರೆದುಕೊಂಡು ಪಡುವಣ ದಂಡೆಗೆ ಈಜಿದಳು.

ನೀಳಣ್ಣ ನೋಡುತ್ತಾ ನಿಂತ. ಆ ಪುಟ್ಟ ಹಕ್ಕಿಯ ಮುಂದೆ ತನ್ನ ಎತ್ತರ ಏನೇನೂ ಅಲ್ಲ ಅಂತ ಅವನಿಗೆ ಅನ್ನಿಸಿತು.

ನೀತಿ: ಮಂದಿ ಬದಲಾದಂತೆ ಎಣಿಕೆಯೂ ಬದಲಾಗಬೇಕು, ಬೇಕು ಎಂದವರ ಜೊತೆ ಬೇಡ ಎಂದವರನ್ನೂ ಎಣಿಸುವುದೇ ನ್ಯಾಯ.