ದೊರೆಯ ಕಾಫಿಗೆ ಮೂವರ ಕೈ

ಬೇರೆಯವರು ಪರವೂರಿಗೆ ಹೋದರೆ ಮಿಠಾಯಿ ತರುತ್ತಾರೆ. ಕಂಚುಗುಡ್ಡದ ದೊರೆ ಸೋಮರಾಜ ಅರಸರು ಬಿಳಿಯರ ಔತಣಕ್ಕೆ ಹೋದಾಗಲೆಲ್ಲ ಒಂದು ಇಂಗ್ಲಿಷ್ ಮಾತು ತರುತ್ತಿದ್ದರು. ಈ ಸಲ ತಂದದ್ದು ‘ವಾಟರ್ ಡೌನ್’.

“ಅಂದರೇನು, ಗೊತ್ತೇ?” ಎಂದು ತುಂಬಿದ ಸಭೆಯಲ್ಲಿ ಕೇಳಿದರು.

ದಿವಾನರು, ಶಾಸ್ತ್ರಿಗಳು, ದಳವಾಯಿ ಮೂವರೂ ಗಂಭೀರವಾಗಿ ತಲೆಯಾಡಿಸಿದರು. ಗೊತ್ತಿಲ್ಲದಾಗ ಅವರು ತಲೆಯಾಡಿಸುತ್ತಿದ್ದುದೇ ಹಾಗೆ.

“ಗಟ್ಟಿಯಾದದ್ದಕ್ಕೆ ನೀರು ಬೆರೆಸಿ ಸಪ್ಪೆ ಮಾಡೋದು,” ಎಂದರು ದೊರೆಗಳು. “ಹಾಲಿಗೇ ಬೆರೆಸಬೇಕು ಅಂತಿಲ್ಲ. ಯಾರೋ ಕಡಕ್ಕಾಗಿ ಒಂದು ಕಾಯಿದೆ ಬರೀತಾರೆ, ಇನ್ಯಾರೋ ನಯವಾಗಿ ಅದರ ಖಾರ ತೆಗೀತಾರೆ. ಆಗ ಬಿಳಿಯರು, ಕಾಯಿದೆಯನ್ನ ವಾಟರ್ ಡೌನ್ ಮಾಡಿಬಿಟ್ಟರು ಅಂತಾರೆ. ನಮ್ಮಲ್ಲಿ ಈ ಮಾತಿಗೆ ಕೆಲಸವೇ ಇಲ್ಲ ಬಿಡಿ! ನನ್ನ ಅಪ್ಪಣೆ ನನ್ನ ಕಾಫಿ ಇದ್ದ ಹಾಗೆ. ಚಮಚ ನೆಟ್ಟರೆ ನಿಲ್ಲಬೇಕು.”

ಕಂಬದ ಪಕ್ಕ ಕೂತಿದ್ದ ಗೌರಾಜಮ್ಮ ಕೆಮ್ಮಿದಳು.

ಗೌರಾಜಮ್ಮ ಅರಮನೆಯ ಕತೆಗಾತಿ. ದೊರೆಗಳು ತೊಟ್ಟಿಲಲ್ಲಿ ನಿದ್ದೆ ಹೋಗುತ್ತಿದ್ದುದೇ ಅವಳ ಕತೆ ಕೇಳಿ. ಹಾಗಾಗಿ ಸಭೆಯಲ್ಲಿ ಕೆಮ್ಮುವ ಸಲಿಗೆ ಅವಳೊಬ್ಬಳಿಗಿತ್ತು. ಇರುವುದು ಕುಂಬಾರಗೇರಿಯಲ್ಲಿ. ಆ ಕೇರಿಯ ಬಾವಿಯ ನೀರು ಉಪ್ಪು. ಹೆಂಗಸರು ಕೊಡ ಹೊತ್ತು ಹೊಳೆಯತನಕ ನಡೆಯಬೇಕು. ಯುಗಾದಿಯ ದಿನ ದೊರೆಗಳು ಕರಗಿ, “ಕುಂಬಾರಗೇರಿಯವರು ಅರಮನೆಯ ಸಿಹಿನೀರ ಬಾವಿಯಲ್ಲಿ ಸೇದಿಕೊಳ್ಳಲಿ” ಎಂದು ಅಪ್ಪಣೆ ಮಾಡಿದ್ದರು. ಅಂದು ಕೇರಿಯಲ್ಲಿ ಹೋಳಿಗೆ ಬೇಯಿಸಿದ್ದರು. ಇವತ್ತಿಗೂ ಕೊಡಗಳು ಹೊಳೆಗೇ ಹೋಗುತ್ತಿವೆ. ಗೌರಾಜಮ್ಮನ ಸೊಸೆ ತುಂಬು ಬಸುರಿ, ಅವಳೂ ಹೋಗುತ್ತಿದ್ದಾಳೆ.

“ಏನು ಗೌರಾಜಿ, ಗಂಟಲು ಕಟ್ಟಿತೇ?”

“ಇಲ್ಲ ಬುದ್ಧಿ. ತಮ್ಮ ಅಪ್ಪಣೆಗೆ ನೀರು ಬೀಳೋದೇ ಇಲ್ಲ ಅಂದಿರಲ್ಲ, ಅದು ಗಂಟಲಲ್ಲಿ ಇಳೀಲಿಲ್ಲ.”

ದೊರೆಗಳ ಮೀಸೆ ನೆಟ್ಟಗಾಯಿತು. “ನನ್ನ ಒಂದು ಅಕ್ಷರ ಅಳಿಸೋ ಧೈರ್ಯ ಯಾರಿಗಿದೆ?”

“ಯಾರೂ ಅಳಿಸಿಲ್ಲ, ಬುದ್ಧಿ.”

“ಮತ್ತೆ? ನಾಳೆಯೊಳಗೆ ತೋರಿಸಿಕೊಡು. ನನ್ನ ಕಣ್ಣೆದುರೇ ಆಗಬೇಕು, ನನ್ನದರಿಂದ ಒಂದು ಚೂರೂ ತೆಗೀಬಾರದು. ಆಗದಿದ್ದರೆ ಆ ಕಂಬದ ಪಕ್ಕದ ಜಾಗ ಖಾಲಿ ಮಾಡು.”

“ಆಗಲಿ. ನಾಳೆ ತಮ್ಮ ಬೆಳಗಿನ ಕಾಫಿ, ತಮ್ಮ ಅಪ್ಪಣೆ ನಡೆಯೋ ದಾರಿಯಲ್ಲೇ ನಡೆದು ಬರಲಿ. ಅಷ್ಟು ಸಾಕು.”

ಆ ದಾರಿ ಯಾವುದೆಂದು ಹೇಳಬೇಕು. ಮುತ್ತಾತನ ಕಾಲದಲ್ಲಿ ಯಾರೋ ಹಿರಿಯರು ತಮ್ಮನ್ನು ಕೇಳದೆ ಅಪ್ಪಣೆ ಹೊರಟಿತೆಂದು ಮುನಿಸಿಕೊಂಡು ಊರು ಬಿಟ್ಟಿದ್ದರಂತೆ. ಅಂದಿನಿಂದ ‘ಕೈ ಮುಟ್ಟಿಸುವ’ ಪದ್ಧತಿ. ದೊರೆಯ ಮಾತಿನಲ್ಲಿ ಯಾರೂ ಏನನ್ನೂ ತೆಗೆಯುವಂತಿಲ್ಲ, ಆದರೆ ಮರ್ಯಾದೆಗೆಂದು ಪ್ರತಿ ಹಿರಿಯರೂ ತಮ್ಮದೊಂದು ಮಾತು ಸೇರಿಸಬಹುದು. ಕೈ ಮುಟ್ಟಿಸಿದ ಮೇಲೆ ಅದು ದೊರೆಗಳ ಹತ್ತಿರ ವಾಪಸು ಬರುವ ಪದ್ಧತಿ ಮಾತ್ರ ಇರಲಿಲ್ಲ.

ಮರುದಿನ ಅಡುಗೆಮನೆಯಿಂದ ಬೆಳ್ಳಿಯ ತಪ್ಪಲೆಯಲ್ಲಿ ಕಾಫಿ ಬಂತು. ಘಮಕ್ಕೆ ಬಾಗಿಲ ಕಾವಲಿನವನೂ ತೂಕಡಿಕೆ ಬಿಟ್ಟ. ಗೌರಾಜಮ್ಮ ಪಕ್ಕದಲ್ಲೊಂದು ಬಿಸಿನೀರಿನ ಹಂಡೆ ಇಡಿಸಿದಳು.

“ಹಿರಿಯರು ಪದ್ಧತಿ ಪ್ರಕಾರ ಕೈ ಮುಟ್ಟಿಸಬೇಕು. ಬೇಡವೆಂದರೆ ಬಿಡಬಹುದು.”

ಆ ಕೊನೆಯ ಮಾತೇ ಗಾಳ. ದಿವಾನರು ಶಾಸ್ತ್ರಿಗಳ ಕಿವಿಯಲ್ಲಿ, “ಇವತ್ತು ಕಾಫಿಗೆ ಬೇಡ ಅಂದರೆ ನಾಳೆ ಅಪ್ಪಣೆಗೂ ಬೇಡ ಅಂತಾರೆ. ಹಕ್ಕು ಹೋಯಿತು ಅಂತಲೇ ಲೆಕ್ಕ!” ಎಂದರು.

ದಿವಾನರು ಒಂದು ಚೊಂಬು ನೀರು ಸುರಿದರು. “ಪಿತ್ತವಾಗದಿರಲಿ ಅಂತ.”

ಶಾಸ್ತ್ರಿಗಳು ಅವರಿಗಿಂತ ಕಡಿಮೆಯಾದಾರೇ? “ಶುದ್ಧಿಗೆ,” ಎಂದು ಒಂದೂವರೆ ಚೊಂಬು.

ದಳವಾಯಿ ಚೊಂಬಿನ ಗೊಡವೆಗೇ ಹೋಗಲಿಲ್ಲ, ಹಂಡೆಯನ್ನೇ ಎತ್ತಿದ. “ಭದ್ರತೆಗೆ!”

ಲೋಟ ದೊರೆಗಳ ಕೈಗೆ ಬಂತು. ಒಂದು ಗುಟುಕು ಕುಡಿದರು. ಮುಖ ಪಾತ್ರೆ ತೊಳೆದ ನೀರು ಕುಡಿದವರ ಹಾಗಾಯಿತು.

“ಥೂ! ಇದು ಕಾಫಿಯೇ?”

“ತಮ್ಮದೇ ಕಾಫಿ. ಒಂದು ಹನಿ ತೆಗೆದಿಲ್ಲ, ತಾವೇ ನೋಡಿದಿರಿ. ಹಿರಿಯರು ಮರ್ಯಾದೆ ಸೇರಿಸಿದರು, ಅಷ್ಟೇ.”

“ಇದನ್ನ ಯಾರು ಕುಡೀತಾರೆ?”

“ಕುಂಬಾರಗೇರಿಯವರು ಯುಗಾದಿಯಿಂದ ಕುಡೀತಿದ್ದಾರಲ್ಲ, ಬುದ್ಧಿ. ‘ಬಾವಿಯಲ್ಲಿ ಸೇದಿಕೊಳ್ಳಲಿ’ ಅಂದಿರಿ. ‘ತೀರಾ ಅಗತ್ಯ ಬಿದ್ದರೆ’ ಅಂತ ದಿವಾನರು ಕೈ ಮುಟ್ಟಿಸಿದರು. ‘ಮಡಿಗೆ ತೊಂದರೆಯಾಗದ ಹೊತ್ತಿನಲ್ಲಿ’ ಅಂತ ಶಾಸ್ತ್ರಿಗಳು. ‘ಬಾಗಿಲಿಗೆ ಬೀಗ ಹಾಕಿ’ ಅಂತ ದಳವಾಯಿಗಳು. ತಮ್ಮ ಮಾತು ಪೂರ್ತಿ ಹಾಗೇ ಇದೆ. ನೀರು ಮಾತ್ರ ಇಲ್ಲ.”

ದಳವಾಯಿ ಹಂಡೆಯನ್ನು ಮೆಲ್ಲಗೆ ಕಾಲಿನಿಂದ ಆಚೆ ಸರಿಸಿದ.

ದೊರೆಗಳು ಲೋಟ ನೋಡಿದರು, ಮೂವರನ್ನೂ ನೋಡಿದರು. ಮೀಸೆ ಅದುರತೊಡಗಿತು. ಸಿಟ್ಟೆಂದು ಎಲ್ಲರೂ ಹೆದರಿದರು. ನಗು!

“ಸಮುದ್ರ ದಾಟಿ ಬಂದ ಮಾತು ಅಂತ ಬೀಗುತ್ತಿದ್ದೆನಲ್ಲೇ ಗೌರಾಜಿ, ಅದು ನನ್ನ ಮನೆಯಲ್ಲೇ ಸಂಬಳ ತಗೊಂಡು ಕೂತಿದೆ!” ಕೈಯ ಚಿನ್ನದ ಕಡಗಕ್ಕೆ ಕೈ ಹಾಕಿದರು. “ತಗೋ.”

“ಕಡಗ ತೊಟ್ಟುಕೊಂಡು ಹೊಳೆಗೆ ಹೋಗೋದೇನು ಚೆಂದ, ಬುದ್ಧಿ? ಬಾವಿ ಬಾಗಿಲ ಬೀಗದಕೈ ಕೊಡಿ.”

“ಕೊಟ್ಟೆ!” ದೊರೆಗಳು ದಳವಾಯಿಯ ಸೊಂಟದಿಂದ ಬೀಗದಕೈ ತಾವೇ ಬಿಡಿಸಿಕೊಂಡರು. “ದಿವಾನರೇ, ಬರೆದುಕೊಳ್ಳಿ...”

“ಅಯ್ಯೋ, ಬರೆಸಬೇಡಿ!” ಗೌರಾಜಮ್ಮ ಎದ್ದು ಬಂದು, ದೊರೆಗಳ ಮುಂದೆಯೇ ಸೆರಗೊಡ್ಡಿ ನಿಂತಳು. “ತಮ್ಮ ಕೈಯಿಂದ ಸೀದಾ ಇಲ್ಲಿಗೆ ಹಾಕಿಬಿಡಿ. ಈ ಮೂವರ ಕೈ ದಾಟಿ ಬಂದರೆ ನನಗೆ ಸಿಗೋದು ಇನ್ನೊಂದು ಬೀಗ.”