ಎಡಗಡೆಯ ಗಾಜು

“ಮಾಸ್ತರ, ಅರ್ಧ ಬರೆದು ತಿರುವಿ ಜೋಡಿಸಿದರೆ ಯಾರಿಗೆ ಏನು ನಷ್ಟ?”

ಕೇಳಿದವಳು ನೀಲಗಂಗಾ. ಗದಗಿನ ಒಂದು ಓಣಿಯಲ್ಲಿ ಅಂದಾನಪ್ಪ ಮಾಸ್ತರು ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು. ಅವಳು ಎರಡು ವರ್ಷದಿಂದ ಅವರಲ್ಲಿ ಕಲಿಯುತ್ತಿದ್ದಳು. ಆ ದಿನ ಮಾಸ್ತರು ಒಂದು ಹಿತ್ತಾಳೆ ತಂಬಿಗೆಯನ್ನು ಮೇಜಿನ ಮೇಲಿಟ್ಟು, ಇದ್ದದ್ದನ್ನು ಇದ್ದ ಹಾಗೆ ಬರೆ ಎಂದಿದ್ದರು. ಅವಳು ಬಲಗಡೆಯ ಅರ್ಧ ಬರೆದಳು, ಅದರ ನಕಲು ತೆಗೆದಳು, ಕನ್ನಡಿಯಲ್ಲಿ ಕಾಣುವ ಹಾಗೆ ತಿರುವಿದಳು, ಎಡಕ್ಕೆ ಕೂಡಿಸಿದಳು. ತಂಬಿಗೆ ತಯಾರಾಯಿತು. ಮಾಸ್ತರು ಬಂದು ನೋಡಿ, ಎಡಗಡೆಯದನ್ನು ಅಳಿಸಿ ಮತ್ತೆ ಬರೆ ಎಂದರು. ಅದಕ್ಕೆ ಅವಳ ಈ ಪ್ರಶ್ನೆ.

ಮಾಸ್ತರು ಕುರ್ಚಿ ಎಳೆದುಕೊಂಡು ಕೂತರು.

“ಒಬ್ಬ ಚಿತ್ರಗಾರನ ಕತೆ ಹೇಳುತ್ತೇನೆ, ಕೇಳು. ಇದರಲ್ಲಿ ಒಂದು ಕಣ್ಣು ಹೋಗುತ್ತದೆ. ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ನನ್ನ ಮೇಲೆ ಸಿಟ್ಟಾಗಬೇಡ” ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಚಿತ್ರಗಾರನಿದ್ದ. ಅವನಿಗೆ ಒಬ್ಬಳು ಅಕ್ಕ. ತಂದೆತಾಯಿ ಬೇಗ ತೀರಿಕೊಂಡಿದ್ದರು. ಅಕ್ಕ ಕಸೂತಿ ಹಾಕಿ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದಳು. ಕಸೂತಿ ಅಂದರೆ ಸುಮ್ಮನೆ ಅಲ್ಲ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಗೆರೆ ಹಾಕಿಕೊಂಡು ಹೊಲಿಯುವ ಕೆಲಸವಲ್ಲ ಅದು. ಒಂದೊಂದೇ ಎಳೆ ಎಣಿಸಿ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಮೇಲಿನಿಂದ ನೋಡಿದರೂ ಕೆಳಗಿನಿಂದ ನೋಡಿದರೂ ಒಂದೇ ಥರ ಕಾಣಬೇಕು. ಒಂದು ಎಳೆ ತಪ್ಪಿತೋ, ಬಟ್ಟೆಯ ಮೇಲೆ ಹಾಕುತ್ತಿರುವ ಗೋಪುರದ ಚಿತ್ರ ವಾಲುತ್ತದೆ. ಆಮೇಲೆ ಬಿಚ್ಚು, ಮತ್ತೆ ಮೊದಲಿನಿಂದ ಹಾಕು. ಆ ಕೆಲಸಕ್ಕೆ ಬಂಡವಾಳ ಸೂಜಿಯೂ ಅಲ್ಲ, ದಾರವೂ ಅಲ್ಲ, ಕಣ್ಣು. ಅಕ್ಕನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಅವಳ ಕಣ್ಣು ಹೋದರೆ ಕೈ ಹೋದ ಹಾಗೇ.

ತಮ್ಮನೂ ಜಾಣ. ಕಂಪ್ಯೂಟರಿನಲ್ಲಿ ಗೆರೆಯ ಚಿತ್ರ ಬರೆಯುವುದರಲ್ಲಿ ಆ ಸೀಮೆಗೇ ಹೆಸರು ಮಾಡಿದ್ದ. ಗೆರೆಯ ಚಿತ್ರ ನಿನಗೂ ಗೊತ್ತು. ಒಂದು ಬಿಂದು ಇಡು, ಇನ್ನೊಂದು ಬಿಂದು ಇಡು, ನಡುವೆ ಗೆರೆ ಎಳೆದು ಬಗ್ಗಿಸು, ಸುತ್ತು ಮುಚ್ಚಿ ಒಳಗೆ ಬಣ್ಣ ತುಂಬು. ಅದನ್ನು ಅಂಚೆಚೀಟಿಯಷ್ಟು ಮಾಡು, ಗೋಡೆಯಷ್ಟು ಮಾಡು, ಒಡೆಯುವುದಿಲ್ಲ, ಮಸುಕಾಗುವುದಿಲ್ಲ. ಆದರೆ ಎಲ್ಲವನ್ನೂ ನೀನೇ ಇಡಬೇಕು. ಫೋಟೋದಲ್ಲಿ ಬೇಡ ಅಂದದ್ದೂ ಬಂದು ಕೂರುತ್ತದೆ. ಇದರಲ್ಲಿ ನೀನು ಇಟ್ಟದ್ದಷ್ಟೇ ಇರುತ್ತದೆ, ಬಿಟ್ಟದ್ದು ಇರುವುದಿಲ್ಲ.

ಒಂದು ಸಲ ಆ ಊರಿನ ಚಿತ್ರಗಾರರ ಸಂಘದವರು ಒಂದು ಸ್ಪರ್ಧೆ ಇಟ್ಟರು. ಮನೆಯಲ್ಲಿ ದಿನಾ ಬಳಸುವ ಯಾವುದಾದರೂ ಒಂದು ವಸ್ತುವನ್ನು ಮುಟ್ಟಬೇಕು ಅನ್ನಿಸುವ ಹಾಗೆ ಬರೆಯಬೇಕು. ಗೆದ್ದ ಚಿತ್ರವನ್ನು ಗೋಡೆಯೆತ್ತರ ಮಾಡಿ ಸಭಾಭವನದಲ್ಲಿ ಶಾಶ್ವತವಾಗಿ ಹಾಕುತ್ತೇವೆ ಎಂದರು. ಚಿತ್ರಗಾರನಿಗೆ ಆಸೆ ಹುಟ್ಟಿತು. ಆಸೆ ತಪ್ಪಲ್ಲ ಬಿಡು, ಎಲ್ಲರಿಗೂ ಇರುತ್ತದೆ. ಲೋಟ, ಚಮಚ, ಬೀಗ ಎಲ್ಲರೂ ಬರೆಯುತ್ತಾರೆ, ನಾನು ಗಾಜು ಬರೆಯುತ್ತೇನೆ ಅಂದುಕೊಂಡ. ಗಾಜು ಬರೆಯುವುದು ಹುಡುಗಾಟವಲ್ಲ. ಇದ್ದೂ ಇಲ್ಲದ ಹಾಗೆ ಕಾಣಬೇಕು. ಮನೆಯೊಳಗೆ ಬಂದರೆ ಅಕ್ಕನ ಮೂಗಿನ ಮೇಲೆ ಚಾಳೀಸು, ಅಂದರೆ ಕನ್ನಡಕ, ಕಂಡಿತು.

“ಅಕ್ಕಾ, ನಿನ್ನ ಚಾಳೀಸ ಎರಡು ದಿನ ಕೊಡತೀಯೇನು? ಬರೀಬೇಕು.”

“ಇದನ್ನ? ಇದರಾಗ ಬರಿಯೋವಂಥಾದ್ದು ಏನೈತೋ ಮಾರಾಯಾ! ಒಯ್ಯಿ, ಒಯ್ಯಿ. ಹಳೇದೊಂದು ಐತಿ, ಎರಡು ದಿನ ಅದರಾಗ ನಡಸ್ತೀನಿ.”

ಅವನು ಅದನ್ನು ತಂದು ಬಿಳಿ ಹಾಳೆಯ ಮೇಲೆ ಇಟ್ಟ. ಎರಡು ದಿನ ಅಂದವನು ಎಂಟು ದಿನ ಇಟ್ಟುಕೊಂಡ. ಬಲಗಡೆಯಿಂದ ಶುರು ಮಾಡಿದ. ಕಪ್ಪು ಚೌಕಟ್ಟು, ಅದರ ಅಂಚಿನ ಸವೆತ, ಮೂಗಿನ ಮೇಲೆ ಕೂರುವ ಗುಂಡಿ, ಅಲ್ಲಿ ಕೂತ ಹಸಿರು ಕಿಲುಬು, ಚಿಕ್ಕ ತಿರುಪು, ತಿರುಪಿನ ನೆತ್ತಿಯ ಗೀಟು. ಆಮೇಲೆ ಗಾಜು. ಗಾಜಿನಲ್ಲಿ ಕಿಟಕಿಯ ನೆರಳು ಬಿದ್ದಿತ್ತು. ಆ ಕಿಟಕಿಯ ಸರಳುಗಳನ್ನೂ ಬಿಡದೆ ಬರೆದ. ಬಣ್ಣದ ಮೇಲೆ ಬಣ್ಣ ಇಳಿಸಿದ, ಬೆಳಕಿನ ಮೇಲೆ ಬೆಳಕು ಕೂರಿಸಿದ. ಐದು ದಿನಕ್ಕೆ ಬಲಗಾಜು ಮುಗಿಯಿತು. ಬರೆದವನಿಗೇ ಕೈ ಹಾಕಿ ಎತ್ತಿಕೊಳ್ಳೋಣ ಅನ್ನಿಸಿತು. ಇರಲಿ, ಅವನ ಕೈಯಲ್ಲಿ ವಿದ್ಯೆ ಇತ್ತು. ಅದನ್ನು ಇಲ್ಲ ಅನ್ನಲಾಗದು.

ಆರನೆಯ ದಿನ ಎಡಗಾಜಿಗೆ ಬಂದ. ಬಗ್ಗಿ ನೋಡಿದ. ಎಡಗಾಜಿನ ತುಂಬ ಗೀರು. ಸಣ್ಣ ಸಣ್ಣ ಗೀರು, ಸುತ್ತು ಸುತ್ತಾಗಿ, ಒಂದರ ಮೇಲೊಂದು, ನೂರಾರು. ಬಲಗಾಜು ತಿಳಿಯಾಗಿತ್ತು, ಎಡಗಾಜು ಮಂಜು ಮುಸುಕಿದ ಹಾಗಿತ್ತು. ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ನೋಡು ತಂಗಿ, ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ: ನೋಡಿದ. ಎರಡೂ ಒಂದೇ ದಿನ ಕೊಂಡ ಗಾಜು, ಒಂದೇ ಮೂಗಿನ ಮೇಲೆ ಕೂತ ಗಾಜು, ಎಡದ್ದು ಮಾತ್ರ ಯಾಕೆ ಹೀಗೆ ಎಂಬ ಪ್ರಶ್ನೆ ಅವನ ಮನಸ್ಸಿನಲ್ಲಿ ಎದ್ದಿತು. ಅಕ್ಕ ಪಡಸಾಲೆಯಲ್ಲೇ ಕೂತಿದ್ದಳು. ಹತ್ತು ಹೆಜ್ಜೆ. ಹೋಗಿ ಕೇಳಬಹುದಿತ್ತು.

ಕೇಳಲಿಲ್ಲ. ಇಷ್ಟು ಗೀರು ಬರೆಯಬೇಕೆಂದರೆ ಒಂದೊಂದಕ್ಕೂ ಬಿಂದು ಇಡಬೇಕು, ಹದಿನೈದು ದಿನ ಬೇಕು ಅಂದುಕೊಂಡ. ಬರೆದರೂ ನೋಡಿದವರು ಏನಂದಾರು? ಗಾಜು ಬರೆಯಲು ಬಾರದೆ ಗೀಚಿಬಿಟ್ಟಿದ್ದಾನೆ ಅಂದಾರು. ಹೀಗೆಂದುಕೊಂಡು ನೀನು ಮಾಡಿದ್ದನ್ನೇ ಮಾಡಿದ. ಬಲಗಡೆಯ ನಕಲು ತೆಗೆದ, ತಿರುವಿದ, ಎಡಕ್ಕೆ ಕೂಡಿಸಿದ. ಅರೆಗಳಿಗೆಯ ಕೆಲಸ. ಹಾಗೆ ತಿರುವಿದಾಗ ಕಿಟಕಿಯ ನೆರಳೂ ತಿರುಗಿತು. ಎರಡು ಕಡೆಯಿಂದ ಬೆಳಕು ಬಿದ್ದ ಹಾಗಾಯಿತು. ಅದನ್ನು ಬಿಡಲಿಲ್ಲ ಪುಣ್ಯಾತ್ಮ. ಪರೀಕ್ಷಕರು ಮೊದಲು ಹಿಡಿಯುವುದೇ ಬೆಳಕಿನ ತಪ್ಪನ್ನು. ಎರಡು ದಿನ ಕೂತು ಆ ನೆರಳನ್ನು ಸರಿ ಮಾಡಿದ.

ಚಿತ್ರ ಗೆದ್ದಿತು. ಗೋಡೆಯೆತ್ತರ ಆಯಿತು. ಊರಿಗೆ ಊರೇ ಬಂದು ನೋಡಿತು. ಒಬ್ಬ ಮುದುಕ ಮುಟ್ಟಿ ನೋಡಲು ಕೈ ಚಾಚಿದನಂತೆ, ಎಲ್ಲರೂ ನಕ್ಕರು. ಚಿತ್ರಗಾರ ಅಕ್ಕನನ್ನೂ ಕರೆದುಕೊಂಡು ಹೋದ. ಅಕ್ಕ ಇರಕಲ್ ಸೀರೆ ಉಟ್ಟು ಬಂದಳು. ಚಿತ್ರದ ಮುಂದೆ ನಿಂತು, ಮುಖವನ್ನು ಒಂದಿಷ್ಟು ಎಡಕ್ಕೆ ತಿರುಗಿಸಿ ನೋಡಿದಳು. ಈಚೆಗೆ ಯಾವುದನ್ನೇ ನೋಡಲಿ, ಹಾಗೇ ಮುಖ ತಿರುಗಿಸಿ ನೋಡುತ್ತಿದ್ದಳು.

“ಇದು ನಂದಾ? ಭಾಳ ಸ್ವಚ್ಛ ಐತೆಲ್ಲೋ. ನನ್ನದು ಎಡಕ್ಕ ಯಾವಾಗಲೂ ಮಬ್ಬು ಮಬ್ಬು.”

“ಅದನ್ನ ನಾ ಸ್ವಚ್ಛ ಮಾಡೀನಿ ಅಕ್ಕಾ” ಎಂದು ಅವನು ನಕ್ಕ. ಅಕ್ಕನೂ ನಕ್ಕಳು. ನಕ್ಕು, ತನ್ನ ಚಾಳೀಸು ತೆಗೆದು ಎಡಗಾಜನ್ನು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಜನ ಹಾರ ಹಾಕುತ್ತಿದ್ದರು. ಹಾರ ಹಾಕಿಸಿಕೊಳ್ಳುವವನು ತಲೆ ತಗ್ಗಿಸಿರುತ್ತಾನೆ, ಅಕ್ಕಪಕ್ಕ ನೋಡುವುದಿಲ್ಲ.

ಹತ್ತು ತಿಂಗಳು ಕಳೆದವು. ಅಕ್ಕನ ಕಸೂತಿಯಲ್ಲಿ ಎಳೆ ತಪ್ಪತೊಡಗಿತು. ಬಿಚ್ಚಿ ಹಾಕುವಳು, ಮತ್ತೆ ತಪ್ಪುವಳು. ವಯಸ್ಸಾತು ಅಂದುಕೊಂಡಳು. ಒಂದು ಮಧ್ಯಾಹ್ನ ಮಜ್ಜಿಗೆ ಬಗ್ಗಿಸಲು ಹೋಗಿ ಲೋಟದ ಪಕ್ಕಕ್ಕೆ ಬಗ್ಗಿಸಿದಳು. ಬಗ್ಗಿಸುತ್ತಲೇ ಇದ್ದಳು, ನೆಲಕ್ಕೆ ಹರಿಯುವುದು ಅವಳಿಗೆ ತಿಳಿಯಲಿಲ್ಲ. ತಮ್ಮ ಗಾಬರಿಯಾಗಿ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ.

ವೈದ್ಯೆ ಕಣ್ಣು ಪರೀಕ್ಷೆ ಮಾಡಿದಳು. ಆಮೇಲೆ ಮೇಜಿನ ಮೇಲಿದ್ದ ಚಾಳೀಸನ್ನು ಎತ್ತಿ ಬೆಳಕಿಗೆ ಹಿಡಿದಳು. ಎಡಗಾಜನ್ನು ಇಷ್ಟು ಯಾಕೆ ಒರೆಸಿದಿರಿ ಅಮ್ಮಾ ಎಂದು ಕೇಳಿದಳು.

“ಎಡಕ್ಕ ಮಸುಕು ಕಾಣತಿತ್ರೀ. ಗಾಜಿಗೆ ಹೊಲಸು ಕುಂತೈತಿ ಅಂತ ಒರಸ್ತಿದ್ದೆ. ಒರಸಿದಷ್ಟೂ ಮಸುಕು.”

“ಮಸುಕು ಗಾಜಿಗಲ್ಲ ಅಮ್ಮಾ, ಕಣ್ಣಿಗೆ” ಎಂದಳು ವೈದ್ಯೆ. ಚಾಳೀಸಿನ ಗಾಜು ಅನ್ನುತ್ತೇವೆ, ಈಗ ಅದು ಪ್ಲಾಸ್ಟಿಕ್ಕು. ಸೆರಗಿನಿಂದ ದಿನಕ್ಕೆ ಇಪ್ಪತ್ತು ಸಲ ಒರೆಸಿದರೆ ಗೀರು ಬೀಳದೆ ಇದ್ದೀತೇ? ಅಕ್ಕನಿಗೆ ಬಂದದ್ದು ಕಣ್ಣಿನೊಳಗೆ ಒತ್ತಡ ಏರುವ ರೋಗ. ನೋವಿಲ್ಲ, ಕೆಂಪಾಗುವುದಿಲ್ಲ, ಕಳ್ಳನ ಹಾಗೆ ಬರುತ್ತದೆ. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಬೇಗ ಬಂದರೆ ಇದ್ದದ್ದನ್ನು ಉಳಿಸಬಹುದು. ವೈದ್ಯೆ ತಮ್ಮನ ಕಡೆ ತಿರುಗಿ, ಒಂದು ವರ್ಷದ ಹಿಂದೆ ಬಂದಿದ್ದರೆ ಬರೀ ಹನಿ ಔಷಧದಲ್ಲಿ ಈ ಕಣ್ಣು ಉಳಿಯುತ್ತಿತ್ತು, ಈಗ ಬಲಗಣ್ಣಾದರೂ ಕಾಯೋಣ ಎಂದಳು. ಎಂದು ಸುಮ್ಮನಿರಬಹುದಿತ್ತು. ಪಾಪ, ಅವಳಿಗೇನು ಗೊತ್ತು?

“ಗಾಜಿನ ಮೇಲೇ ಇಷ್ಟು ಕಾಣ್ತಿತ್ತಲ್ಲರೀ. ಮನೆಯಲ್ಲಿ ಒಬ್ಬರೂ ಇದನ್ನ ನೋಡಲಿಲ್ಲವಾ?” ಎಂದು ಕೇಳಿಬಿಟ್ಟಳು.

ಆ ಊರಿನಲ್ಲಿ ಆ ಚಾಳೀಸನ್ನು ಅವನಷ್ಟು ನೋಡಿದವರು ಯಾರೂ ಇರಲಿಲ್ಲ. ಎಂಟು ದಿನ ಊಟ ಬಿಟ್ಟು ನೋಡಿದ್ದ. ತಿರುಪಿನ ನೆತ್ತಿಯ ಗೀಟನ್ನು ನೋಡಿದ್ದ. ಅಕ್ಕನೇ ಅವನ ಪರವಾಗಿ, ಅವ ಕೆಲಸದಾಂವ ರೀ, ಅವಗ ಎಲ್ಲಿ ಪುರುಸೊತ್ತು ಎಂದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಅದು ಅವನ ಪಾಲಿಗೆ ಅಕ್ಷರಶಃ ನಿಜವಾಯಿತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಆ ಚಿತ್ರ ತೆರೆದ. ಎಡಗಾಜನ್ನು ಅಳಿಸಿದ. ಅಕ್ಕನ ಚಾಳೀಸನ್ನು ಎದುರಿಗಿಟ್ಟುಕೊಂಡು ಒಂದೊಂದೇ ಗೀರು ಬರೆಯುತ್ತ ಹೋದ. ಹದಿನೈದು ದಿನ ಬೇಕು ಅಂದಿದ್ದನಲ್ಲ, ಹನ್ನೊಂದೇ ದಿನಕ್ಕೆ ಮುಗಿಯಿತು. ಹನ್ನೊಂದು ದಿನ! ಒಂದೊಂದು ಗೀರಿಗೆ ಬಿಂದು ಇಡುವಾಗಲೂ, ಅಕ್ಕ ಒಂದು ಸಲ ಒರೆಸಿದಳು, ಇನ್ನೊಂದು ಸಲ ಒರೆಸಿದಳು ಎಂದು ಎಣಿಸುತ್ತಿದ್ದ. ಅವತ್ತೇ ಹೀಗೆ ಕೂತಿದ್ದರೆ ಹತ್ತನೆಯ ಗೀರಿಗೋ ಇಪ್ಪತ್ತನೆಯ ಗೀರಿಗೋ ಬೇಸತ್ತು, ಅಕ್ಕಾ ಇದನ್ನೇನು ಉಪ್ಪುಕಾಗದದಿಂದ ತಿಕ್ಕೀಯೇನು ಎಂದು ಬೈಯಲಿಕ್ಕಾದರೂ ಎದ್ದು ಹೋಗುತ್ತಿದ್ದೆ ಅಂದುಕೊಂಡ. ಬೈದಿದ್ದರೂ ಸಾಕಿತ್ತು.

ಹೊಸ ಚಿತ್ರ ತೆಗೆದುಕೊಂಡು ಸಂಘದವರ ಹತ್ತಿರ ಹೋದ. ಗೋಡೆಯ ಮೇಲಿನದನ್ನು ತೆಗೆದು ಇದನ್ನು ಹಾಕಿರಿ ಎಂದ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಿಮಗೆ ಹುಚ್ಚೇ ಮಾರಾಯರೇ, ಅದು ಎಷ್ಟು ತಿಳಿಯಾಗಿದೆ, ಇದು ಕೆಟ್ಟಿದೆ ಎಂದು ಕಳಿಸಿದರು. ಹಳೆಯದೇ ಗೋಡೆಯ ಮೇಲೆ ಉಳಿಯಿತು. ಈಗಲೂ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ.

ಅಕ್ಕನ ಬಲಗಣ್ಣು ಉಳಿಯಿತು. ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ, ತಮ್ಮನೇ ಹಾಕುತ್ತಾನೆ. ಆದರೆ ಒಂದೇ ಕಣ್ಣಿನಲ್ಲಿ ಸೂಜಿ ಒಂದು ಕಡೆಯಾದರೆ ದಾರ ಒಂದು ಕಡೆ. ಕೈ ಅಂದಾಜು ತಪ್ಪುತ್ತದೆ. ಅರ್ಧ ಕಸೂತಿ ಹಾಕಿದ ಒಂದು ಸೆರಗು ಉಳಿದಿತ್ತು. ಅದನ್ನು ಮಡಚಿ ಓಣಿಯ ಇನ್ನೊಬ್ಬಳಿಗೆ ಕೊಟ್ಟು ಬಂದಳು. ಕೊಟ್ಟು ಬಂದ ದಿನ ಊಟ ಮಾಡಲಿಲ್ಲ. ತಮ್ಮ ಅವಳ ಕಾಲು ಹಿಡಿದುಕೊಂಡು ಎಲ್ಲವನ್ನೂ ಹೇಳಿದ. ಗೀರು ಕಂಡದ್ದು, ಕೇಳದೆ ಬಿಟ್ಟದ್ದು, ತಿರುವಿ ಜೋಡಿಸಿದ್ದು, ಒಂದನ್ನೂ ಮುಚ್ಚಲಿಲ್ಲ. ಅಕ್ಕ ಅವನ ತಲೆಯ ಮೇಲೆ ಕೈ ಇಟ್ಟಳು.

“ಏಳೋ, ಹುಚ್ಚಪ್ಪಾ. ನಾನೂ ಗಾಜನ್ನ ಬೈಕೊಂತ ಕುಂತಿದ್ದೆ.”

ಅಕ್ಕ ಬೈದಿದ್ದರೆ ಅವನಿಗೆ ಒಂದಿಷ್ಟು ಹಗುರಾಗುತ್ತಿತ್ತೋ ಏನೋ.

ಮಾಸ್ತರು ಅಲ್ಲಿಗೆ ಕತೆ ನಿಲ್ಲಿಸಿದರು. ನೀಲಗಂಗಾಗೆ ಆ ಚಿತ್ರಗಾರನ ಮೇಲೆ ಕನಿಕರ ಬಂದಿತ್ತು. ಅವಳು, “ಆದರೂ ಮಾಸ್ತರ, ತನ್ನ ಕಣ್ಣು ಹೋಗುತ್ತಿರುವುದು ಅಕ್ಕನಿಗೇ ತಿಳಿಯಲಿಲ್ಲ. ತಮ್ಮನನ್ನು ಹೇಗೆ ತಪ್ಪುಗಾರ ಅನ್ನುವುದು?” ಎಂದಳು.

“ಅಕ್ಕನಿಗೆ ಕಾಣುತ್ತಿರಲಿಲ್ಲ ತಂಗಿ, ಅವನಿಗೆ ಕಾಣುತ್ತಿತ್ತು” ಎಂದರು ಮಾಸ್ತರು.

ನೀಲಗಂಗಾ ತಂಬಿಗೆಯನ್ನು ಹತ್ತಿರ ಎಳೆದುಕೊಂಡು, ಚಿತ್ರದ ಎಡಗಡೆಯ ಅರ್ಧವನ್ನು ಅಳಿಸಿದಳು.