ಕರಿಕೋಡು ಹತ್ತಿದ ಕೇತವ್ವ

ತುಂಬಾ ಹಿಂದೆ, ಎಷ್ಟು ಹಿಂದೆ ಅಂತ ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ, ಕರಿಕೋಡು ಬೆಟ್ಟದ ಬುಡದಲ್ಲಿ ಒಂದು ಹಾಡಿ ಇತ್ತಂತೆ. ಜೇನು ಕೀಳುವವರ ಹಾಡಿ. ಅಲ್ಲಿ ಕೇತವ್ವ ಅಂತ ಒಬ್ಬಳಿದ್ದಳಂತೆ. ಎರಡಾಳು ಎತ್ತರದವಳು, ಗುಡಿಸಲ ಒಳಗೆ ಬಗ್ಗಿಯೇ ಇರಬೇಕಾಗಿತ್ತು ಅಂತಾರೆ. ನಮ್ಮಜ್ಜಿ ಮಾತ್ರ, ಹಾಗೇನಿಲ್ಲ, ಎಲ್ಲರ ಹಾಗೇ ಇದ್ದಳು, ಕಣ್ಣು ಚೂಪು ಅಷ್ಟೇ, ಅನ್ನುತ್ತಿದ್ದಳು.

ಒಂದು ವರ್ಷ ಅವಳ ಗಂಡ ಜಡೆಯನೂ ಪಕ್ಕದ ಗುಡಿಸಲ ಮಸಣನೂ ಜೇನಿಗೆ ಅಂತ ಕರಿಕೋಡು ಹತ್ತಿದರು. ಅವರು ಮೇಲಿದ್ದಾಗಲೇ ಅಕಾಲದ ಮಳೆ ಹೊಡೆಯಿತು. ಹತ್ತುವ ದಾರಿಯ ಬಂಡೆ ಕಳಚಿಕೊಂಡು ಕೆಳಗೆ ಬಂತು. ಹಾಡಿಯ ನೆಲವೇ ನಡುಗಿತಂತೆ. ಮಳೆ ನಿಂತ ಮೇಲೆ ಜನ ತಲೆಯೆತ್ತಿ ನೋಡಿದರೆ ಬೆಟ್ಟದ ತುದಿಯಲ್ಲಿ ಸಣ್ಣಗೆ ಹೊಗೆ. ಹೊಗೆಯ ಮೇಲೆ ರಣಹದ್ದುಗಳು ಸುತ್ತುತ್ತಿವೆ.

ಒಬ್ಬ ಸತ್ತಿದ್ದಾನೆ, ಒಬ್ಬ ಬದುಕಿದ್ದಾನೆ. ಯಾರು ಅನ್ನೋದು ಮಾತ್ರ ಗೊತ್ತಿಲ್ಲ.

ಇನ್ನು ದಾರಿಯಿಲ್ಲ, ಇಬ್ಬರನ್ನೂ ಬೆಟ್ಟವೇ ಇಟ್ಟುಕೊಂಡಿತು ಅಂತ ತಿಳಿಯಿರಿ ಅಂದನಂತೆ ಹಾಡಿಯ ಯಜಮಾನ. ಮಸಣನ ತಾಯಿ ಮಣ್ಣಲ್ಲಿ ಹೊರಳಾಡಿ ಅತ್ತಳು. ಕೇತವ್ವ ಅಳಲಿಲ್ಲ. ಬೆಟ್ಟದ ಹಿಂಬದಿಗೆ ಹೋಗಿ ಕೂತಳು. ಆ ಕಡೆಯಿಂದ ಯಾರೂ ಹತ್ತಿದ್ದೇ ಇಲ್ಲ. ಬೆಳಗಿನಿಂದ ಬೈಗಿನ ತನಕ ನೋಡಿದಳಂತೆ. ನೀರು ಮಿಂಚುವ ಕಡೆ ಕಾಲು ಜಾರುತ್ತದೆ. ಹುಲ್ಲು ಬೆಳೆದ ಬಿರುಕಿನಲ್ಲಿ ಬೆರಳು ಇಳಿಯುತ್ತದೆ. ಬಿಸಿಲು ನೆತ್ತಿಗೆ ಬಂದರೆ ಗಾಳಿ ಏಳುತ್ತದೆ, ಅಷ್ಟರೊಳಗೆ ನಡುಬೆಟ್ಟದ ಕೊರಕಲು ದಾಟಿರಬೇಕು. ಬೆಟ್ಟವೇ ಅವಳಿಗೆ ಮೆಟ್ಟಿಲು ತೋರಿಸಿತು ಅಂತಾರೆ. ತೋರಿಸಿತೋ, ಅವಳೇ ಕಂಡುಕೊಂಡಳೋ.

ಮನೆಗೆ ಬಂದು ಅಂಗಳದಲ್ಲಿ ಬೂದಿ ಹರಡಿ ಬೆಟ್ಟ ಬರೆದಳು. ಜೊತೆಗೆ ಬರುವವರು ಯಾರು ಅಂದರೆ ಗಂಡಸರೆಲ್ಲ ನೆಲ ನೋಡಿದರು. ಅವಳ ತಮ್ಮ ಬೊಮ್ಮ ಒಬ್ಬನೇ ಎದ್ದು ಬಂದ. ಅವನಿಗೆ ಆಗಷ್ಟೇ ಮದುವೆಯಾಗಿತ್ತು.

"ಅಕ್ಕಾ, ಮೇಲಿರೋದು ಭಾವ ಅಲ್ದೆ ಹೋದ್ರೆ?" ಅಂದ.

ಕೇತವ್ವ ಬೂದಿಯಲ್ಲಿ ಬೆರಳು ಎಳೆಯುತ್ತಲೇ ಇದ್ದಳು. "ಹತ್ತಿದ ಮೇಲೆ ತಾನೆ ಅದು."

ಇಬ್ಬರ ಸೊಂಟಕ್ಕೂ ಒಂದೇ ಹಗ್ಗ ಕಟ್ಟಿಕೊಳ್ಳೋಣ ಅಂತ ಬೊಮ್ಮ ಹಟ ಹಿಡಿದನಂತೆ. ಅವಳು ಒಪ್ಪಲಿಲ್ಲ. "ಬ್ಯಾಡ. ಜಾರಿದೋರು ಒಬ್ರೇ ಹೋಗ್ಲಿ. ಉಳಿದೋರು ನಿಲ್ಲಬಾರ್ದು." ಜಾರುವುದಾದರೆ ತಾನೇ ಅಂತ ಅವಳು ಎಣಿಸಿದ್ದಳಂತೆ.

ಬೆಳಕು ಹರಿಯುವಾಗ ಹೊರಟರು. ಅವಳು ಮುಂದೆ, ಅವನು ಹಿಂದೆ. ಅವಳು ಹಿಡಿದ ಬಿರುಕನ್ನೇ ಅವನೂ ಹಿಡಿದ, ಅವಳು ಮೆಟ್ಟಿದ ಕಲ್ಲನ್ನೇ ಮೆಟ್ಟಿದ. ಕೊರಕಲಿನಲ್ಲಿ ಅವಳ ಭಾರ ತಡೆದ ಕಲ್ಲು ಅವನ ಭಾರ ತಡೆಯಲಿಲ್ಲ. ಬೊಮ್ಮ ಕೂಗಲೇ ಇಲ್ಲವಂತೆ. ಕೂಗಿದರೆ ಅಕ್ಕ ತಿರುಗುತ್ತಾಳೆ, ತಿರುಗಿದರೆ ಅವಳ ಹಿಡಿತವೂ ತಪ್ಪುತ್ತದೆ ಅಂತ ಹಲ್ಲು ಕಚ್ಚಿಕೊಂಡೇ ಹೋದ ಅಂತಾರೆ. ಕೇತವ್ವನಿಗೆ ಕಲ್ಲು ಉರುಳಿದ ಸದ್ದಷ್ಟೇ ಕೇಳಿತು. ಆಮೇಲೆ ಹಿಂದೆ ಉಸಿರಿನ ಸದ್ದಿಲ್ಲ. ಬಂಡೆಗೆ ಹಣೆ ಆನಿಸಿದಳು. ಆಮೇಲೆ ಮುಂದಿನ ಬಿರುಕಿಗೆ ಕೈ ಹಾಕಿದಳು.

ತುದಿಯಲ್ಲಿ ಬೆಂಕಿಯ ಪಕ್ಕ ಕೂತಿದ್ದವನು ಮಸಣ. ಜಡೆಯ ಎದೆಗೆ ಬಂಡೆ ಬಡಿದು ಮಳೆಯ ದಿನವೇ ಹೋಗಿದ್ದ. ಮಸಣ ಕೈಲಾದಷ್ಟು ಕಲ್ಲು ಒಟ್ಟಿ ಮುಚ್ಚಿದ್ದ. ಕೇತವ್ವ ಆ ಕಲ್ಲುಗಳ ಹತ್ತಿರ ಕೂತವಳು ಏಳಲೇ ಇಲ್ಲ. ಮಸಣ ಹತ್ತಿರ ಬರಲು ಹೆದರಿದ. ಗಾಳಿ ಎದ್ದಿತು, ಗಾಳಿ ಇಳಿಯಿತು. ಅವಳಿಗೂ ಅಲ್ಲೇ ಉಳಿದುಬಿಡೋಣ ಅನ್ನಿಸಿತಂತೆ.

ಕೊನೆಗೆ ಎದ್ದು ಸೆರಗು ಬಿಗಿದಳು. "ಏಳೋ ಮಸಣ. ನನ್ನ ತಮ್ಮ ಬರಿದೇ ಸಾಯಬಾರ್ದು."

ತಾನು ಕೆಳಗಿದ್ದು, ಅವನ ಒಂದೊಂದು ಹೆಜ್ಜೆಯನ್ನೂ ಕೈಯಲ್ಲಿ ಹಿಡಿದು ಬಿರುಕಿಗೆ ಇಡುತ್ತಾ ಇಳಿಸಿದಳು. ಹಾಡಿಗೆ ಬಂದಾಗ ಮಸಣನ ತಾಯಿ ಅವಳ ಕಾಲು ಹಿಡಿದುಕೊಂಡಳು. ಬೊಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ಅವಳ ಬೆನ್ನ ಹಿಂದೆ ನೋಡಿದಳು. ಯಾರೂ ಇರಲಿಲ್ಲ. ಮುಖ ತಿರುಗಿಸಿ ಒಳಗೆ ಹೋದಳು. ಸಾಯುವ ತನಕ ಕೇತವ್ವನ ಜೊತೆ ಮಾತಾಡಲಿಲ್ಲವಂತೆ. ಕೇತವ್ವನೂ ಮಾತಾಡು ಅಂತ ಕೇಳಲಿಲ್ಲ.

ಮಸಣನ ವಂಶ ಈಗಲೂ ಇದೆ. ಆ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಕೇತಿ ಅಂತಲೇ ಹೆಸರು. ಹಿರಿಕೇತಿ, ಕಿರಿಕೇತಿ, ಪುಟ್ಟಕೇತಿ, ಯಾರನ್ನು ಕರೆದರೂ ಎಲ್ಲರೂ ಓಗೊಡುತ್ತಾರೆ. ಕೂಸು ಹೆಣ್ಣಾಗಲಿ ಗಂಡಾಗಲಿ, ಮೊದಲು ಹೊರಗೆ ತಂದು ಕರಿಕೋಡಿನ ಕಡೆ ಮುಖ ಮಾಡಿ ಹಿಡಿಯುತ್ತಾರೆ. "ಬೊಮ್ಮಜ್ಜಾ, ನಿನ್ನ ಪಾಲಿಂದು ಇನ್ನೊಂದು ಬಂತು" ಅನ್ನುತ್ತಾಳೆ ಮನೆಯ ಹಿರಿಯಳು. ಆಮೇಲೆಯೇ ಕೂಸನ್ನು ತಾಯಿಯ ಕೈಗೆ ಕೊಡುವುದು.